ಮೊಮ್ಮಗಳ ಜೊತೆ ಎಸ್ಸೆಸ್ಸೆಲ್ಸಿ

ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯಲು ಇಷ್ಟು ವರ್ಷ ತುಂಬಿರಬೇಕು ಎಂಬ ನಿಯಮ ಇದೆ. ಇಷ್ಟು ವರ್ಷ ದಾಟಿರಬಾರದು ಎಂಬ ನಿಯಮ ಇಲ್ಲ. ಇದು ನನಗೆ ತಿಳಿದಾಗ ಐವತ್ತಾರು ವರ್ಷವಾಗಿತ್ತು.

ನಾನು ಓದಿದ್ದು ಏಳನೇ ತರಗತಿವರೆಗೆ. ನಮ್ಮೂರಲ್ಲಿ ಇದ್ದದ್ದೇ ಅಷ್ಟು. ಹೈಸ್ಕೂಲಿಗೆ ನಾಲ್ಕು ಮೈಲಿ ನಡೆಯಬೇಕಿತ್ತು. ಅಣ್ಣ ಹೋದ, ನಾನು ಮನೆಯಲ್ಲಿ ಉಳಿದೆ. ಪ್ರತಿ ಜೂನ್‌ನಲ್ಲಿ ಅವನ ಹೊಸ ಪುಸ್ತಕಗಳಿಗೆ ಪೇಪರಿನ ಹೊದಿಕೆ ಹಾಕಿಕೊಡುತ್ತಿದ್ದವಳು ನಾನೇ. ಆಮೇಲೆ ಮದುವೆ, ಮಕ್ಕಳು, ಹೊಲದ ಕೆಲಸ. ಈಗ ಇಪ್ಪತ್ತು ವರ್ಷದಿಂದ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದೇನೆ.

ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆಗೆ ಕೂರಬಹುದೆಂದು ಹೇಳಿದವರು ಶಾಲೆಯ ಟೀಚರಮ್ಮ. ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಒಟ್ಟು ಆರು ವಿಷಯ. ಅರ್ಜಿ ಹಾಕಿ ಮನೆಗೆ ಬಂದೆ. ಆ ವರ್ಷವೇ ಮೊಮ್ಮಗಳು ಪುಟ್ಟಿಯೂ ಹತ್ತನೇ ತರಗತಿ.

"ಅಜ್ಜಿ, ನನ್ನ ಫ್ರೆಂಡ್ಸೆಲ್ಲ ನಗ್ತಾರೆ" ಅಂದಳು. ಎರಡು ದಿನ ನನ್ನ ಜೊತೆ ಮಾತಿಲ್ಲ. ಬೇಜಾರಾಯಿತು. ಆದರೆ ಅರ್ಜಿ ವಾಪಸು ತಗೊಳ್ಳಲಿಲ್ಲ.

ಮೂರನೆಯ ದಿನ ಅವಳು ಗಣಿತದ ಪುಸ್ತಕ ಮುಂದಿಟ್ಟುಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದಳು. ಎರಡು ಗೊತ್ತಿಲ್ಲದ ಸಂಖ್ಯೆಗಳನ್ನು ಕಂಡುಹಿಡಿಯುವ ಸಮೀಕರಣದ ಪಾಠ. ನಾನು ಅಕ್ಕಿ ಆರಿಸುತ್ತಲೇ ಹೇಳಿದೆ: "ಬಿಸಿಯೂಟಕ್ಕೆ ಐದನೇ ತರಗತಿವರೆಗಿನ ಮಗುವಿಗೆ 100 ಗ್ರಾಂ ಅಕ್ಕಿ, ಅದಕ್ಕಿಂತ ದೊಡ್ಡವರಿಗೆ 150 ಗ್ರಾಂ. ಇವತ್ತು 70 ಮಕ್ಕಳಿಗೆ ಎಂಟೂವರೆ ಕಿಲೋ ಹಾಕಿದೆ. ಚಿಕ್ಕವರೆಷ್ಟು, ದೊಡ್ಡವರೆಷ್ಟು ಹೇಳು."

ಅವಳು ಪೆನ್ಸಿಲ್ ಹುಡುಕುವಷ್ಟರಲ್ಲಿ ನಾನೇ ಬಿಡಿಸಿದೆ. "ಮೊದಲು ಎಲ್ಲರಿಗೂ 100 ಗ್ರಾಂ ಹಾಕು, ಏಳು ಕಿಲೋ ಆಯ್ತು. ಉಳಿದದ್ದು ಒಂದೂವರೆ ಕಿಲೋ. ಅದು ದೊಡ್ಡವರ ಹೆಚ್ಚಿನ ಐವತ್ತೈವತ್ತು ಗ್ರಾಂ. ಅಂದ್ರೆ ದೊಡ್ಡವರು 30, ಚಿಕ್ಕವರು 40."

ಪುಟ್ಟಿ ಅದನ್ನೇ ಪುಸ್ತಕದ ಕ್ರಮದಲ್ಲಿ ಬರೆದಳು. ಚಿಕ್ಕವರು ಎಕ್ಸ್, ದೊಡ್ಡವರು ವೈ. ಒಂದು ಸಾಲನ್ನು ನೂರರಿಂದ ಗುಣಿಸಿ ಇನ್ನೊಂದರಿಂದ ಕಳೆದಳು. ಅದೇ 30, ಅದೇ 40. "ಅಜ್ಜಿ, ನೀನು ಮಾಡಿದ್ದೂ ಇದೇ ಕಳೆಯೋ ಲೆಕ್ಕ! ಆದ್ರೆ ಪರೀಕ್ಷೆಲಿ ಹಂತ ಬರೀಬೇಕು" ಅಂದಳು. ಅವತ್ತಿನಿಂದ ಹಂತ ಬರೆಸುವ ಮೇಷ್ಟ್ರು ಅವಳೇ.

ಮಾರ್ಚ್‌ನಲ್ಲಿ ಪರೀಕ್ಷೆ. ಪ್ರಶ್ನೆಪತ್ರಿಕೆ ಓದಿಕೊಳ್ಳಲೆಂದೇ ಮೊದಲು ಹದಿನೈದು ನಿಮಿಷ ಕೊಡುತ್ತಾರೆ. ಕನ್ನಡಕದವರಿಗೆ ಅದು ದೊಡ್ಡ ಉಪಕಾರ. ಸೌಟು ಹಿಡಿದ ಕೈಗೆ ಮೂರು ಗಂಟೆ ಪೆನ್ನು ಹಿಡಿಯುವುದೇ ಕಷ್ಟವಾಯಿತು.

ಫಲಿತಾಂಶ ಬಂತು. ಪುಟ್ಟಿ ಪಾಸು. ನನಗೆ ಐದು ವಿಷಯ ಬಂದವು, ಗಣಿತ ನಿಂತಿತು. ತ್ರಿಕೋನಮಿತಿ ಯಾವ ಅಡುಗೆಮನೆಯಲ್ಲೂ ಇರುವುದಿಲ್ಲ ನೋಡಿ! ಆದರೆ 2024ರಲ್ಲಿ ನಮ್ಮ ರಾಜ್ಯದಲ್ಲಿ ಒಂದೇ ವರ್ಷದಲ್ಲಿ ಮೂರು ಸಲ ಪರೀಕ್ಷೆ ಬರೆಯುವ ಅವಕಾಶ ಶುರುವಾಗಿತ್ತು. "ಎರಡನೇದಕ್ಕೆ ಕೂರು ಅಜ್ಜಿ" ಎಂದು ಪುಟ್ಟಿಯೇ ಹಟ ಹಿಡಿದಳು.

ಬೇಸಿಗೆ ರಜೆಯಲ್ಲಿ ಅವಳು ನನ್ನನ್ನು ತೆಂಗಿನ ಮರದ ಕೆಳಗೆ ನಿಲ್ಲಿಸಿದಳು. ಒಂದು ಕೋಲು ನೆಟ್ಟು, ಅದರ ನೆರಳು ಕೋಲಿನಷ್ಟೇ ಉದ್ದ ಆಗುವ ಹೊತ್ತಿಗೆ ಕಾದೆವು. ಆಗ ಸೂರ್ಯ 45 ಡಿಗ್ರಿ ಕೋನದಲ್ಲಿರುತ್ತಾನೆ. ಮರದ ನೆರಳು ಅಳೆದರೆ ಅದೇ ಮರದ ಎತ್ತರ. ಹತ್ತದೆಯೇ ಮರ ಅಳೆದ ಸಂತೋಷದಲ್ಲಿ ಆ ಪಾಠ ತಲೆಗೆ ಹತ್ತಿತು. ಎರಡನೇ ಪರೀಕ್ಷೆಯಲ್ಲಿ ಗಣಿತವೂ ಪಾಸಾಯಿತು.

ಒಂದೇ ಸಲ ಎಲ್ಲ ವಿಷಯ ಕಷ್ಟ ಎನ್ನುವವರಿಗೆ ಕೇಂದ್ರ ಸರ್ಕಾರದ ಮುಕ್ತ ಶಾಲೆ ಇದೆ. 1989ರಲ್ಲಿ ಶುರುವಾದದ್ದು. ಅಲ್ಲಿ ಐದು ವಿಷಯ ಸಾಕು, ಒಂದೊಂದಾಗಿ ಬರೆದು ಐದು ವರ್ಷದಲ್ಲಿ ಮುಗಿಸಬಹುದು. ವಯಸ್ಸಾಯಿತು ಎನ್ನುವವರು ಕೇರಳದ ಕಾರ್ತ್ಯಾಯಿನಿ ಅಮ್ಮನವರನ್ನು ನೆನೆಯಬೇಕು. 2018ರಲ್ಲಿ, 96ನೇ ವಯಸ್ಸಿನಲ್ಲಿ ಸಾಕ್ಷರತಾ ಪರೀಕ್ಷೆ ಬರೆದು ನೂರಕ್ಕೆ 98 ಅಂಕ ತೆಗೆದವರು ಅವರು.

ಮಕ್ಕಳೇ, ನಿಮ್ಮ ಅಜ್ಜಿ ತಾತ ಯಾವ ತರಗತಿಗೆ ಶಾಲೆ ಬಿಟ್ಟರು, ಯಾಕೆ ಬಿಟ್ಟರು ಎಂದು ಒಮ್ಮೆ ಕೇಳಿ. ಮತ್ತೆ ಓದುವ ಆಸೆ ಇದೆ ಎಂದರೆ ನಗಬೇಡಿ. ನಿಮ್ಮ ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕದೆ ಅವರ ಕೈಗೆ ಕೊಡಿ. ಹೊದಿಕೆ ಹಾಕುವುದು ಅವರಿಗೆ ಚೆನ್ನಾಗಿ ಗೊತ್ತು.