ದುಃಖಕ್ಕೇ ಏಕೆ ಹೆಚ್ಚು ಅಂಕ?

ಉತ್ತರಪತ್ರಿಕೆ ತಿದ್ದುವ ನಮ್ಮಂಥವರಿಗೆ ಒಂದು ಚಾಳಿ ಉಂಟು. ಒದ್ದಾಡಿ ಬರೆದಂತೆ ಕಾಣುವ ಉತ್ತರಕ್ಕೆ ಕೈ ತಾನಾಗಿ ಅರ್ಧ ಅಂಕ ಹೆಚ್ಚು ಹಾಕುತ್ತದೆ. ಸಂಗೀತ ವಿಮರ್ಶಕರೂ ಹೀಗೆಯೇ ಏನೋ ಎಂಬ ಗುಮಾನಿ ನನಗೆ ಬಂದದ್ದು, ಮಗ ಕೇಳಿಸಿದ ಅಮೆರಿಕದ ರಾಕ್ ತಂಡವೊಂದರಿಂದ. ಹೆಸರು ಮಾಡೆಸ್ಟ್ ಮೌಸ್, ಅಂದರೆ ವಿನಯವಂತ ಇಲಿ!

ವಾಷಿಂಗ್ಟನ್ ರಾಜ್ಯದ ಈ ತಂಡ 2000ದಲ್ಲಿ ತಂದ 'ದ ಮೂನ್ ಅಂಡ್ ಅಂಟಾರ್ಕ್ಟಿಕಾ' ಒಂಟಿತನ, ಸಾವುಗಳ ಸುತ್ತ ಸುಳಿಯುವ ಆಲ್ಬಂ. ವಿಮರ್ಶಕರು ಬಾಯ್ತುಂಬ ಹೊಗಳಿದರು. 2004ರಲ್ಲಿ ಬಂದದ್ದು 'ಗುಡ್ ನ್ಯೂಸ್ ಫಾರ್ ಪೀಪಲ್ ಹೂ ಲವ್ ಬ್ಯಾಡ್ ನ್ಯೂಸ್'. ಎಲ್ಲೆಡೆಯಿಂದ ಕೆಟ್ಟ ಸುದ್ದಿಯೇ ಬರುತ್ತಿದ್ದುದಕ್ಕೆ ಬೇಸತ್ತು ಭರವಸೆಯ ಹಾಡೊಂದನ್ನು ಮಾಡಬಯಸಿದೆ ಎಂದು ಗಾಯಕ ಐಸಾಕ್ ಬ್ರಾಕ್ ಹೇಳಿಕೊಂಡಿದ್ದರು. ಆ ಹಾಡೇ 'ಫ್ಲೋಟ್ ಆನ್', ತೇಲುತ್ತಾ ಸಾಗು. ಅದು ಬಿಲ್‌ಬೋರ್ಡ್‌ನ ಮಾಡರ್ನ್ ರಾಕ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಆಲ್ಬಂ ಗ್ರ್ಯಾಮಿಗೆ ನಾಮನಿರ್ದೇಶನಗೊಂಡಿತು.

ಹೆಚ್ಚಿನ ವಿಮರ್ಶಕರು ಮೆಚ್ಚಿದರೆನ್ನಿ. ಆದರೂ ಕೆಲವರಿಗೆ, ಹಳೆಯ ಅಭಿಮಾನಿಗಳಿಗೆ ಇರುಸುಮುರುಸು. ಹಿಂದಿನ ಮೊನಚೆಲ್ಲಿ? ಜನಪ್ರಿಯತೆಗೆ ಮಾರಿಕೊಂಡರೇ? ಅಳುವವನು ಆಳವಾದವನು, ನಗುವವನು ಹಗುರಾದವನು ಎಂಬ ಲೆಕ್ಕ.

ಈ ಲೆಕ್ಕದ ಪರಿಚಯ ನನಗೂ ಇದೆ. ಪತ್ನಿಯ ವರ್ಷಾಬ್ದಿಕ ಮುಗಿದ ಮೇಲೆ, ಒಂದು ಮದುವೆಯ ಪಂಕ್ತಿಯಲ್ಲಿ ಯಾರದೋ ಮಾತಿಗೆ ಗಟ್ಟಿಯಾಗಿ ನಕ್ಕುಬಿಟ್ಟೆ. ಎದುರು ಸಾಲಿನಲ್ಲಿದ್ದ ನೆಂಟರೊಬ್ಬರು ಅನ್ನ ಕಲಸುವುದನ್ನು ನಿಲ್ಲಿಸಿ ನೋಡಿದರು. "ಇಷ್ಟು ಬೇಗ ಮರೆತನೇ?" ಎಂಬುದು ಆ ನೋಟದಲ್ಲಿತ್ತು. ಮರೆತಿರಲಿಲ್ಲ. ನಗು ಬಂತು, ನಕ್ಕೆ, ಅಷ್ಟೇ. ಮರೆತು ನಗುವುದಾದರೆ ಅದರಲ್ಲಿ ಹೆಚ್ಚುಗಾರಿಕೆಯೇನಿದೆ?

ಮಾಡೆಸ್ಟ್ ಮೌಸ್ ಕೂಡ ಏನನ್ನೂ ಮರೆತಿರಲಿಲ್ಲ. ಆ 'ಒಳ್ಳೆಯ ಸುದ್ದಿ'ಯ ಆಲ್ಬಮ್ಮಿನಲ್ಲೇ ಶವಪೆಟ್ಟಿಗೆಯ ಹಾಡಿದೆ, ಹೂಳುವ ಮಾತಿನ ಹಾಡಿದೆ. 'ಫ್ಲೋಟ್ ಆನ್' ಕೂಡ ಶುರುವಾಗುವುದು ಕಾರೊಂದು ಪೊಲೀಸರ ಕಾರಿಗೆ ಗುದ್ದುವ ಪ್ರಸಂಗದಿಂದ. ತೊಂದರೆಗಳೆಲ್ಲ ಅಲ್ಲೇ ಇವೆ, ಮನುಷ್ಯ ಮುಳುಗಿಲ್ಲ.

ತೇಲುವ ವಸ್ತುವಿಗೆ ತೂಕವಿಲ್ಲ ಎಂದು ಪ್ರತಿವರ್ಷ ಒಬ್ಬನಾದರೂ ಪರೀಕ್ಷೆಯಲ್ಲಿ ಬರೆಯುತ್ತಾನೆ. ನಾನು ಅದಕ್ಕೆ ಸೊನ್ನೆ ಹಾಕುತ್ತೇನೆ. ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ತಳ್ಳಿರುತ್ತದೆ ಎಂಬುದು ಆರ್ಕಿಮಿಡೀಸನ ಕಾಲದಿಂದಲೂ ಗೊತ್ತಿರುವ ಸಂಗತಿ. ಭಾರವೆಲ್ಲ ಅದರೊಳಗೇ ಇರುತ್ತದೆ. ನಗುವವರಿಗೆ ಅಂಕ ಕೊಡುವಾಗ ಇದಿಷ್ಟು ನೆನಪಿದ್ದರೆ ಸಾಕು.