ಮೂರನೇ ಎಂಜಿನ್

ಇಟಲಿಯ ಎಸ್‌ಎಂ.79 ಬಾಂಬರ್ ವಿಮಾನದ ಫೋಟೋ ನೋಡಿ ನಾವು ನಕ್ಕಿದ್ವಿ. ರೆಕ್ಕೆಗೊಂದೊಂದು ಎಂಜಿನ್ ಸರಿ, ಮೂಗಿಗೂ ಒಂದು ಯಾಕೆ? ಆಮೇಲೆ ಲೆಕ್ಕ ಹಾಕಿದ್ವಿ. ಒಂದೊಂದರ ಬಲ ಸುಮಾರು 780 ಅಶ್ವಶಕ್ತಿ. ಎರಡರಲ್ಲಿ ಒಂದು ಕೆಟ್ಟರೆ ಅರ್ಧ ಬಲವೇ ಹೋಯ್ತು. ಮೂರಿದ್ದರೆ ಮೂರರಲ್ಲಿ ಎರಡು ಪಾಲು ಉಳಿಯುತ್ತೆ. ಮೂಗಿನದು ನಿಂತರೆ ವಿಮಾನ ಪಕ್ಕಕ್ಕೂ ಎಳೆಯಲ್ಲ. ಆದರೆ ಕೆಡೋಕೆ ಎಂಜಿನ್ನೂ ಒಂದು ಜಾಸ್ತಿ! ಬಾಂಬ್ ಗುರಿ ಹಿಡಿಯುವವನಿಗೆ ಮೂಗಲ್ಲಿ ಜಾಗವಿಲ್ಲ, ವಿಮಾನದ ಹೊಟ್ಟೆಯಡಿಯ ಗೂಡಿಗೆ ಇಳಿಯಬೇಕು. ಆದರೂ, ಇದ್ದ ಎಂಜಿನ್ನಲ್ಲೇ ಮಾಡಿದ ಜಾಣತನ ಅಂತ ಮೆಚ್ಚಿಕೊಂಡ್ವಿ.

1938ರ ಮಾರ್ಚ್‌ನಲ್ಲಿ ಬಾರ್ಸಿಲೋನಾ ಊರಿನ ಮೇಲೆ ಬಾಂಬ್ ಸುರಿಸಿದ್ದರಲ್ಲಿ ಇದೂ ಇತ್ತು ಅಂತ ಓದಿದಾಗ ನಮ್ಮ ಮಾತು ನಿಂತಿತು. ಪೈಲಟ್ ವಾಪಸ್ ಬರ್ತಾನಾ ಅಂತಷ್ಟೇ ಲೆಕ್ಕ ಹಾಕಿದ್ವಿ. ಕೆಳಗಿದ್ದವರನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ.