ಮ್ಯಾಲಿನ ಹಣ್ಣು ಕರಡಿಗೆ

ನಮ್ಮ ತೆಕ್ಕಲಕೋಟೆಯ ಗುಡ್ಡದಲ್ಲಿ ನೆರಳು ಬೇಕೆಂದರೆ ಬಂಡೆಯ ಮಗ್ಗುಲಿಗೇ ಸರಿಯಬೇಕು. ಸುತ್ತ ಕಾಲುವೆ ನೀರಿನ ಭತ್ತದ ಗದ್ದೆ, ನಡುವೆ ಬೋಳು ಕಲ್ಲಿನ ರಾಶಿ. 1965ರಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರಾ ಹೊರತಂದ ಉತ್ಖನನ ವರದಿ ಇಲ್ಲಿದ್ದ ಶಿಲಾಯುಗದವರನ್ನು ಗುಡ್ಡವಾಸಿಗಳೆಂದೇ ಕರೆದಿದೆ. ಅವರ ಕಾಲಕ್ಕೆ ಇಲ್ಲಿ ಮರ ಎಷ್ಟಿದ್ದವೋ ಎಂಬ ಹುಳ ತಲೆ ಹೊಕ್ಕಿತು. ಬಳ್ಳಾರಿ ಜಿಲ್ಲೆಯಲ್ಲಿ ಉಳಿದ ಗುಡ್ಡದ ಕಾಡನ್ನಾದರೂ ನೋಡೋಣವೆಂದು ಸಂಡೂರಿಗೆ ಹೊರಟೆ.

ಬಳ್ಳಾರಿಯಲ್ಲಿ ಬಸ್ಸು ಬದಲಿಸಿದೆ. ತೋರಣಗಲ್ಲು ದಾಟುವಷ್ಟರಲ್ಲಿ ಅಂಗಿಯ ಕಾಲರಿಗೆ ಅದಿರಿನ ಧೂಳಿನ ಕೆಂಪು ಬಣ್ಣ ಹತ್ತಿತ್ತು.

ಸಂಡೂರಿನ ಸ್ವಾಮಿಮಲೈ ಕಾಡಿನ ಗುಡ್ಡ ಏರುವಾಗ ಒಂದು ತಿರುವಿನಲ್ಲಿ ದಟ್ಟ ಹಸಿರು. ಮುಂದಿನ ತಿರುವಿನಲ್ಲಿ ಎದುರು ಗುಡ್ಡಕ್ಕೆ ಕಡಿದ ಮೆಟ್ಟಿಲು, ಯಾವ ಗುಡಿಗೂ ಹೋಗದ ಗಣಿಯ ಮೆಟ್ಟಿಲು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತ್ತು. 2013ರಲ್ಲಿ ಷರತ್ತಿನ ಮೇಲೆ ಮತ್ತೆ ಬಾಗಿಲು ತೆರೆಯಿತು. ಕಾಡು ಮಾತ್ರ ತುಂಡು ತುಂಡಾಗಿಯೇ ಉಳಿದಿದೆ.

ರಸ್ತೆಬದಿ ಒಬ್ಬಾಕೆ ಸೀತಾಫಲದ ಬುಟ್ಟಿ ಇಟ್ಟುಕೊಂಡು ಕೂತಿದ್ದಳು.

"ಎಲ್ಲಾ ಗುಡ್ಡದ್ದೇ ಏನಮ್ಮ?"

"ಹೂಂ ಅಣ್ಣ. ಕೈಗೆ ಸಿಕ್ಕಿದ್ದು ನಮ್ಗ, ಮ್ಯಾಲಿಂದು ಕರಡಿಗೆ. ಎಲ್ಲಾ ಕಿತ್ರ ಅದು ಊರಿಗೇ ಬರ್ತೈತಲ್ಲ!"

ಭಕ್ತಿಯಲ್ಲ, ಲೆಕ್ಕಾಚಾರ. ನನಗೆ ಅದೇ ಹೆಚ್ಚು ಹಿಡಿಸಿತು. ಕರಡಿ ಹಣ್ಣು ತಿಂದು ಹೋದಲ್ಲೆಲ್ಲ ಬೀಜ ಬೀಳುತ್ತದೆ, ಮಳೆಗೆ ಮೊಳೆಯುತ್ತದೆ. ಅದಿರಿನ ಲಾರಿಗಳ ದಾರಿಯನ್ನು ಕರಡಿ ದಾಟದಿದ್ದರೆ ಬೀಜವೂ ಈಚೆಯೇ ಉಳಿಯಿತು. ಗಣಿ ಮುಗಿದಲ್ಲಿ ಸಾಲಾಗಿ ಹಚ್ಚಿದ ಸಸಿಗಳ ಬಗ್ಗೆ ಕೇಳಿದರೆ ಆಕೆ ನಕ್ಕಳು: "ಅದ್ರಾಗ ಏನ್ ಹಣ್ಣು ಬಿಡ್ತಾವ?"

ಆಕೆ ಗದ್ದ ಎತ್ತಿ ತೋರಿಸಿದ ಕಡೆ ದೇವದಾರಿ ಗುಡ್ಡ. ಅಲ್ಲಿ ಹೊಸ ಗಣಿಗೆಂದು ಗೊತ್ತುಮಾಡಿದ್ದು 401 ಹೆಕ್ಟೇರ್ ಕಾಡು. ಉರುಳಬೇಕಾದ ಮರ 99 ಸಾವಿರದಷ್ಟು. ಜನರ ವಿರೋಧ ಎದ್ದಿತು. 2024ರ ಜೂನ್‌ನಲ್ಲಿ, ಜಾಗ ಬಿಟ್ಟುಕೊಡಬೇಡಿ ಎಂದು ರಾಜ್ಯದ ಅರಣ್ಯ ಸಚಿವರು ಇಲಾಖೆಗೆ ಸೂಚಿಸಿದರು. ಗುಡ್ಡದ ಹಣ್ಣು ಆಯುವವರನ್ನು ಮೊದಲೇ ಕೂರಿಸಿ ಕೇಳಿದ್ದರೆ ವಿಷಯ ಅಷ್ಟು ದೂರ ಹೋಗುತ್ತಿತ್ತೇ?

ವಾಪಸು ಬಸ್ಸಿನಲ್ಲಿ ಹಣ್ಣು ಬಿಡಿಸಿದೆ. "ಬೀಜ ಕಿಟಕಿಯಾಗ ಉಗುಳಬ್ಯಾಡ್ರೀ" ಎಂದು ಕಂಡಕ್ಟರ್ ಗದರಿದ. ತೆಕ್ಕಲಕೋಟೆಯಲ್ಲಿ ಇಳಿದಾಗ ಕರವಸ್ತ್ರದ ಗಂಟಿನಲ್ಲಿ ಮೂವತ್ತೆಂಟು ಬೀಜಗಳಿದ್ದವು.